ಕಾರಿನ ಹಿಂದಿನ ಶಾಕ್ ಅಬ್ಸಾರ್ಬರ್ ಮನೆಯಲ್ಲೇ ಬದಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಂಪ್ ದಾಟಿದ ಮೇಲೆ ಕಾರಿನ ಹಿಂಭಾಗ ಒಂದು ಸಲ ಮೇಲೆದ್ದು ಸುಮ್ಮನಾಗಬೇಕು. ಎರಡು ಮೂರು ಸಲ ತೂಗಾಡುತ್ತಿದ್ದರೆ ಹಿಂದಿನ ಶಾಕ್ ಅಬ್ಸಾರ್ಬರ್‌ಗಳ ಕಡೆ ನೋಡುವ ಸಮಯ ಬಂದಿದೆ ಅಂತಲೇ ಅರ್ಥ. ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಒಂದೊಂದು ಕಡೆ ಬಿಚ್ಚಬೇಕಾದ್ದು ಎರಡು ಮೂರು ನಟ್ ಬೋಲ್ಟ್ ಅಷ್ಟೇ.

ಆದರೆ ನಟ್ ಬಿಚ್ಚಿ ಹಾಕುವುದು ಇಲ್ಲಿ ದೊಡ್ಡ ವಿಷಯವೇ ಅಲ್ಲ. ಮುಖ್ಯವಾದದ್ದು ಎರಡು. ಬಿಚ್ಚುವ ಮುಂಚೆ ಆಕ್ಸಲ್‌ಗೆ, ಅಂದರೆ ಎರಡು ಹಿಂಚಕ್ರ ಜೋಡಿಸುವ ಬೀಮ್‌ಗೆ, ಕೆಳಗಿನಿಂದ ಆಸರೆ ಕೊಡಬೇಕು. ಕೊನೆಯ ಬಿಗಿಯನ್ನು ಚಕ್ರ ನೇತಾಡುತ್ತಿರುವಾಗ ಕೊಡಬಾರದು, ಕಾರು ನೆಲದ ಮೇಲೆ ನಿಂತಾಗ ಇರುವ ಎತ್ತರದಲ್ಲೇ ಕೊಡಬೇಕು. ಮೊದಲನೆಯದು ನಿಮ್ಮ ಕೈ ಕಾಲು ಉಳಿಸುತ್ತದೆ. ಎರಡನೆಯದು ಹೊಸ ಶಾಕ್‌ನ ರಬ್ಬರ್ ಬುಶ್ (ಬೋಲ್ಟ್ ಸುತ್ತಲಿನ ರಬ್ಬರ್ ಉಂಗುರ) ಉಳಿಸುತ್ತದೆ. ಅವಸರದಲ್ಲಿ ಜನ ಬಿಟ್ಟುಬಿಡುವುದು ಈ ಎರಡನೆಯದನ್ನೇ. ಹಾಗಾಗಿ ಅದನ್ನು ಮುಂದೆ ಸ್ವಲ್ಪ ಜಾಸ್ತಿಯೇ ವಿವರಿಸಿದ್ದೇನೆ.

ಮೊದಲು ನಿಮ್ಮ ಕಾರು ಯಾವ ಬಗೆಯದು ನೋಡಿ

ಹಿಂದಿನ ಚಕ್ರದ ಒಳಗಡೆ ಟಾರ್ಚ್ ಬಿಟ್ಟು ನೋಡಿ. ಸ್ಪ್ರಿಂಗ್ ಒಂದು ಕಡೆ, ಶಾಕ್ ಇನ್ನೊಂದು ಕಡೆ ಬೇರೆ ಬೇರೆಯಾಗಿ ನಿಂತಿದ್ದರೆ ನಿಮ್ಮ ಕೆಲಸ ಸುಲಭ. ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳಲ್ಲಿ ಹೀಗೇ ಇರುತ್ತದೆ. ಎರಡು ಹಿಂಚಕ್ರಗಳನ್ನು ಅಡ್ಡಲಾಗಿ ಜೋಡಿಸುವ ಒಂದು ಬೀಮ್, ಅದರ ಮೇಲೆ ಕೂತ ಸ್ಪ್ರಿಂಗ್, ಪಕ್ಕದಲ್ಲಿ ಶಾಕ್. ಈ ಮಾರ್ಗದರ್ಶಿ ಆ ಬಗೆಯ ಕಾರಿಗೆ.

ಸ್ಪ್ರಿಂಗ್ ಶಾಕ್‌ನ ಸುತ್ತಲೇ ಸುತ್ತಿಕೊಂಡಿದ್ದರೆ ಕಥೆ ಬೇರೆ. ಅಲ್ಲಿ ಸ್ಪ್ರಿಂಗ್ ಅದುಮಿದ ಸ್ಥಿತಿಯಲ್ಲೇ ಕೂತಿರುತ್ತದೆ, ಅದನ್ನು ಹಿಡಿದಿಟ್ಟಿರುವುದು ನೆತ್ತಿಯ ಮಧ್ಯದ ಒಂದೇ ನಟ್. ಸ್ಪ್ರಿಂಗ್ ಅದುಮಿ ಹಿಡಿಯುವ ಕಂಪ್ರೆಸರ್ ಇಲ್ಲದೆ ಆ ನಟ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಬರುತ್ತದೆ. ಪ್ರಾಣಕ್ಕೇ ಅಪಾಯ. ಅಂಥ ಕಾರಾದರೆ ಇಡೀ ಜೋಡಣೆಯನ್ನು ಹೊರಗೆ ತೆಗೆದು, ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಸರಿಯಾದ ಸಲಕರಣೆ ಇರುವ ಗ್ಯಾರೇಜಿಗೆ ಕೊಡಿ.

ಶಾಕ್‌ನ ಮೇಲ್ತುದಿಯಿಂದ ವಿದ್ಯುತ್ ವೈರ್ ಬರುತ್ತಿದ್ದರೆ ಅದು ಎಲೆಕ್ಟ್ರಾನಿಕ್ ಶಾಕ್. ಅದಕ್ಕೆ ಸಾಮಾನ್ಯ ಶಾಕ್ ಹಾಕಲು ಹೋಗಬೇಡಿ.

ಶಾಕ್ ನಿಜಕ್ಕೂ ಹೋಗಿದೆಯಾ?

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಒಮ್ಮೆ ಅದುಮಿ ಬಿಟ್ಟರೆ ಸ್ಪ್ರಿಂಗ್ ಬೇಗ ನಿಲ್ಲುವುದಿಲ್ಲ. ಆ ಕುಣಿತವನ್ನು ಹಿಡಿದು ನಿಲ್ಲಿಸುವುದು ಶಾಕ್‌ನ ಕೆಲಸ. ಒಳಗೆ ಆಯಿಲ್ ತುಂಬಿದ ಕೊಳವೆ, ಅದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ವಾಲ್ವ್‌ಗಳು. ಆ ಕಿರಿದಾದ ದಾರಿಯಲ್ಲಿ ಆಯಿಲ್ ನುಗ್ಗುವಾಗ ಚಲನೆಯ ಶಕ್ತಿ ಬಿಸಿಯಾಗಿ ಹೋಗುತ್ತದೆ. ಒರಟು ರಸ್ತೆಯಲ್ಲಿ ಓಡಿಸಿ ಬಂದ ಕೂಡಲೇ ಎರಡೂ ಕಡೆಯ ಶಾಕ್ ಹುಷಾರಾಗಿ ಮುಟ್ಟಿ ನೋಡಿ. ಕೆಲಸ ಮಾಡುತ್ತಿರುವುದು ಬೆಚ್ಚಗಿರುತ್ತದೆ. ಒಂದು ಮಾತ್ರ ತಣ್ಣಗಿದ್ದರೆ ಅದರ ಮೇಲೆ ಅನುಮಾನ ಪಡಿ.

ಕಾರಿನ ಹಿಂಭಾಗ ನಿಂತಲ್ಲೇ ಕುಸಿದಂತೆ ಕಾಣುತ್ತಿದ್ದರೆ ತಪ್ಪು ಸ್ಪ್ರಿಂಗ್‌ನದು. ಶಾಕ್ ಬದಲಿಸಿದರೂ ಎತ್ತರ ವಾಪಸ್ ಬರುವುದಿಲ್ಲ.

ಡಿಕ್ಕಿಯ ಮೂಲೆ ಮೇಲೆ ಜೋರಾಗಿ ಒತ್ತಿ ಬಿಟ್ಟು ನೋಡುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅದರಲ್ಲಿ ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತದೆ. ಅರ್ಧ ಸೋತದ್ದು ಗೊತ್ತಾಗಬೇಕಾದರೆ ಬೇರೆ ಗುರುತು ಹುಡುಕಬೇಕು. ಹಿಂದಿನ ಟೈರ್ ಮೇಲೆ ಸುತ್ತಲೂ ಅಂಗೈ ಸವರಿ. ಅಲೆ ಅಲೆಯಾಗಿ ತಗ್ಗು ದಿಣ್ಣೆ ಸಿಕ್ಕರೆ ಚಕ್ರ ರಸ್ತೆ ಮೇಲೆ ಸರಿಯಾಗಿ ಕೂರದೆ ಪುಟಿಯುತ್ತಾ ಓಡಿದೆ. ಆಮೇಲೆ ಶಾಕ್‌ನ ಮೈ ನೋಡಿ. ಪಿಸ್ಟನ್‌ನ ಕಡ್ಡಿ ಹೊರಬರುವ ಸೀಲ್ ಹತ್ತಿರ ತೆಳ್ಳಗೆ ಜಿಡ್ಡು, ಅದರ ಮೇಲೆ ಧೂಳು ಕಂಡರೆ ಗಾಬರಿ ಬೇಡ, ಅದು ಸಾಮಾನ್ಯ. ಆಯಿಲ್ ಮೈಮೇಲೆ ಹರಿದು ಕೆಳಗಿನವರೆಗೂ ಒದ್ದೆ ಮಾಡಿದ್ದರೆ ಆ ಶಾಕ್ ಮುಗಿಯಿತು. ಸಣ್ಣ ಗುಂಡಿಗೂ ಹಿಂದಿನಿಂದ ಟಕ್ ಟಕ್ ಅಂದರೆ ಬುಶ್ ಸವೆದಿರಬಹುದು, ಇಲ್ಲವೇ ಮೇಲಿನ ನಟ್ ಸಡಿಲವಾಗಿರಬಹುದು. ಮೊದಲು ಆ ನಟ್ ನೋಡಿ. ಹೊಸ ಶಾಕ್ ತರುವ ಖರ್ಚೇ ಉಳಿದೀತು.

ಒಂದೇ ಕಡೆ ಸೋರಿದ್ದರೂ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಇನ್ನೊಂದು ಹಳೆಯದು ಇದ್ದರೆ ತಿರುವಿನಲ್ಲಿ ಮತ್ತು ಜೋರಾಗಿ ಬ್ರೇಕ್ ಒತ್ತಿದಾಗ ಎರಡು ಚಕ್ರ ಎರಡು ಥರ ನಡೆದುಕೊಳ್ಳುತ್ತವೆ.

ಏನೇನು ಬೇಕು

ಟ್ರಾಲಿ ಜಾಕ್ ಒಂದು, ಬೀಮ್‌ಗೆ ಆಸರೆ ಕೊಡಲು ಇನ್ನೊಂದು ಜಾಕ್, ನಿಮ್ಮ ಕಾರಿನ ತೂಕ ತಡೆಯುವ ಜಾಕ್ ಸ್ಟ್ಯಾಂಡ್ ಜೋಡಿ, ಮುಂದಿನ ಚಕ್ರಗಳಿಗೆ ಒಡ್ಡಲು ಗಟ್ಟಿ ಮರದ ಅಡ್ಡೆಗಳು. ಕಾರಿನ ಜೊತೆ ಬರುವ ಕತ್ತರಿ ಜಾಕ್ ಸ್ಟೆಪ್ನಿ ಹಾಕುವಷ್ಟಕ್ಕೆ ಮಾತ್ರ. ಸ್ಟ್ಯಾಂಡ್ ಬದಲು ಇಟ್ಟಿಗೆ, ಸಿಮೆಂಟ್ ಬ್ಲಾಕ್ ಜೋಡಿಸುವುದಂತೂ ಬೇಡವೇ ಬೇಡ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಸಾಕೆಟ್ ಸೆಟ್, ಅದೇ ಅಳತೆಯ ರಿಂಗ್ ಸ್ಪ್ಯಾನರ್‌ಗಳು, ಮೇಲಿನ ಕಡ್ಡಿ ತಿರುಗದಂತೆ ಹಿಡಿಯಲು ಅಲೆನ್ ಕೀ ಅಥವಾ ಸಣ್ಣ ಸ್ಪ್ಯಾನರ್, ಬಿಗಿದ ಬೋಲ್ಟ್‌ಗೆ ಉದ್ದ ಹಿಡಿಯ ಬ್ರೇಕರ್ ಬಾರ್, ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ರೆಂಚ್, ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಕನ್ನಡಕ, ಕೈಗವಸು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲೇಬೇಕು. ಕೆಳಗೆ ಮಲಗಿ ತಂತಿ ಬ್ರಷ್ ಆಡಿಸುವಾಗ ತುಕ್ಕಿನ ಪುಡಿ ನೇರ ಮುಖಕ್ಕೇ ಬೀಳುತ್ತದೆ.

ಸಾಮಾನು ತರುವಾಗ ಶಾಕ್ ಜೋಡಿಯ ಜೊತೆ ಮೇಲಿನ ಮೌಂಟ್ ರಬ್ಬರ್, ಬಂಪ್ ಸ್ಟಾಪ್, ಧೂಳು ತಡೆಯುವ ಕವರ್, ಹೊಸ ನಟ್‌ಗಳನ್ನೂ ಕೇಳಿ ತನ್ನಿ. ಒಳಗೆ ನೈಲಾನ್ ಉಂಗುರ ಇರುವ ಲಾಕ್ ನಟ್ ಒಮ್ಮೆ ಬಿಚ್ಚಿದರೆ ಮತ್ತೆ ಅಷ್ಟೇ ಹಿಡಿತ ಕೊಡುವುದಿಲ್ಲ. ಬಂಪ್ ಸ್ಟಾಪ್ ಅಂದರೆ ಕಡ್ಡಿಯ ಮೇಲೆ ಕೂರುವ ಸ್ಪಂಜಿನಂಥ ತುಂಡು. ಹಳೆಯದನ್ನು ಹಿಂಡಿ ನೋಡಿ. ಪುಡಿ ಉದುರಿದರೆ ಅದನ್ನೇ ಮತ್ತೆ ಹಾಕಬೇಡಿ. ಅದು ಇಲ್ಲದೆ ಓಡಿಸಿದರೆ ದೊಡ್ಡ ಗುಂಡಿಯಲ್ಲಿ ಹೊಸ ಶಾಕ್ ತಳ ಹೊಡೆದು ಬೇಗ ಹಾಳಾಗುತ್ತದೆ.

ಹಿಂದಿನ ಸಂಜೆಯೇ ಮಾಡಿಡಬೇಕಾದದ್ದು

ಕೆಳಗಿನ ಬೋಲ್ಟ್ ನೀರು, ಕೆಸರು ಎಲ್ಲ ತಿಂದುಕೊಂಡು ಕೂತಿರುತ್ತದೆ. ಹೊರಗೆ ಕಾಣುವ ಥ್ರೆಡ್ ಅನ್ನು ತಂತಿ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬ್ರೇಕ್ ಡಿಸ್ಕ್, ಡ್ರಮ್ ಮೇಲೆ ಒಂದು ಹನಿಯೂ ಬೀಳಬಾರದು, ಬಟ್ಟೆ ಅಡ್ಡ ಹಿಡಿಯಿರಿ.

ಇನ್ನೊಂದು ಕೆಲಸ ಇದೆ. ಕಾರು ಸಮತಟ್ಟು ನೆಲದ ಮೇಲೆ, ಖಾಲಿಯಾಗಿ ನಿಂತಿರುವಾಗ ಹಿಂಚಕ್ರದ ನಡುಮಧ್ಯದಿಂದ ನೇರ ಮೇಲೆ ಫೆಂಡರ್ (ಚಕ್ರದ ಮೇಲಿನ ಬಾಡಿ ಭಾಗ) ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ಎರಡೂ ಕಡೆ ಅಳೆದು ಬರೆದಿಡಿ. ಈ ಒಂದು ಅಳತೆ ಕೊನೆಯಲ್ಲಿ ಬೇಕಾಗುತ್ತದೆ, ಆಗ ಅಳೆಯೋಣ ಅಂದರೆ ಕಾರು ಗಾಳಿಯಲ್ಲಿರುತ್ತದೆ.

ಕಾರು ಎತ್ತುವುದು

ಗಟ್ಟಿ, ಸಮತಟ್ಟು ನೆಲ ಬೇಕು. ಮಣ್ಣಿನ ಮೇಲಾದರೆ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ.

ಹ್ಯಾಂಡ್‌ಬ್ರೇಕ್ ಎಳೆದಿದ್ದೇನೆ, ಕಾರು ಜಾರುವುದಿಲ್ಲ ಎಂದುಕೊಳ್ಳಬೇಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನು. ನೀವು ಎತ್ತುತ್ತಿರುವುದೂ ಅವನ್ನೇ, ಅಲ್ವಾ? ಅವು ನೆಲ ಬಿಟ್ಟ ಕ್ಷಣದಿಂದ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದ ಹಾಗೆ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಮೊದಲ ಗೇರಿಗೆ ಹಾಕಿ, ಆಟೋಮ್ಯಾಟಿಕ್ ಆದರೆ ಪಾರ್ಕ್‌ಗೆ ಹಾಕಿ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಗೇರೂ ಉಪಯೋಗಕ್ಕೆ ಬರುವುದಿಲ್ಲ. ಎರಡರಲ್ಲೂ ಮುಂದಿನ ಎರಡು ಚಕ್ರಗಳಿಗೆ ಹಿಂದೆ ಮುಂದೆ ಅಡ್ಡೆ ಕೊಡಲೇಬೇಕು.

ಚಕ್ರದ ನಟ್‌ಗಳನ್ನು ಕಾರು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿ. ಆಮೇಲೆ ಮ್ಯಾನ್ಯುಯಲ್‌ನಲ್ಲಿ ತೋರಿಸಿದ ಜಾಗದಲ್ಲೇ ಜಾಕ್ ಕೊಟ್ಟು ಎತ್ತಿ. ಸ್ಟ್ಯಾಂಡ್‌ಗಳನ್ನು ಕಾರಿನ ಬಾಡಿಯ ಗಟ್ಟಿ ಜಾಗಕ್ಕೆ ಕೊಡಿ. ಬೀಮ್ ಕೆಳಗೆ ಕೊಡಬೇಡಿ, ಏಕೆಂದರೆ ಬೀಮ್ ಮೇಲೆ ಕೆಳಗೆ ಆಡಲು ಬಿಡುವು ಬೇಕು. ಎರಡೂ ಸ್ಟ್ಯಾಂಡ್ ಮೇಲೆ ಭಾರ ಕೂರಿಸಿ, ಪಕ್ಕದಿಂದ ಕಾರನ್ನು ಒಮ್ಮೆ ಜೋರಾಗಿ ಅಲುಗಾಡಿಸಿ ನೋಡಿ. ಬೀಳುವುದಾದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರಗಳನ್ನು ಬಾಡಿಯ ಕೆಳಗೆ ಅಡ್ಡ ಮಲಗಿಸಿಡಿ, ಇನ್ನೊಂದು ರಕ್ಷೆ.

ಬೀಮ್‌ಗೆ ಆಸರೆ

ಈ ಬಗೆಯ ಕಾರುಗಳಲ್ಲಿ ಬೀಮ್ ಎಷ್ಟು ಕೆಳಗೆ ಜೋತುಬೀಳಬಹುದು ಎಂಬುದಕ್ಕೆ ಮಿತಿ ಹಾಕಿರುವುದು ಸಾಮಾನ್ಯವಾಗಿ ಶಾಕ್‌ನ ಉದ್ದವೇ. ಶಾಕ್ ಬಿಚ್ಚಿದ ಕೂಡಲೇ ಆ ಕಡೆಯ ತೋಳು (ಬೀಮ್‌ನ ಚಕ್ರ ಹಿಡಿದಿರುವ ತುದಿ) ದಢ್ ಎಂದು ಕೆಳಗಿಳಿಯುತ್ತದೆ. ಆಗ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಹೊರಬರಬಹುದು. ಬ್ರೇಕ್ ಹೋಸ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡುವ ವ್ಯವಸ್ಥೆ) ಸೆನ್ಸರ್ ವೈರ್, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲ ಎಳೆದುಕೊಳ್ಳುತ್ತವೆ. ಹೋಸ್ ಒಳಗೆ ಹರಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ.

ಅದಕ್ಕೆ ಎರಡನೇ ಜಾಕ್ ಅನ್ನು ಸ್ಪ್ರಿಂಗ್ ಕೂರುವ ತಟ್ಟೆಯ ಕೆಳಗೆ ಇಟ್ಟು, ಮಧ್ಯೆ ಒಂದು ಮರದ ತುಂಡು ಕೊಟ್ಟು, ತೋಳು ಸ್ವಲ್ಪವೇ ಮೇಲೇಳುವಷ್ಟು ಎತ್ತಿ. ಕೆಲವು ಕಾರುಗಳಲ್ಲಿ ಬೀಮ್‌ನಿಂದ ಹೆಡ್‌ಲೈಟ್ ಎತ್ತರ ಸರಿಹೊಂದಿಸುವ ಸೆನ್ಸರ್‌ಗೆ ಒಂದು ಸಣ್ಣ ಕಡ್ಡಿ ಹೋಗಿರುತ್ತದೆ, ಅದನ್ನು ನೋಡಿಕೊಳ್ಳಿ. ಯಾವಾಗಲೂ ಒಂದು ಕಡೆ ಪೂರ್ತಿ ಜೋಡಿಸಿದ ಮೇಲೆ ಇನ್ನೊಂದು ಕಡೆಗೆ ಕೈ ಹಾಕಿ. ಎರಡೂ ಒಟ್ಟಿಗೆ ಬಿಚ್ಚಬೇಡಿ.

ಮೇಲಿನ ನಟ್, ಕೆಳಗಿನ ಬೋಲ್ಟ್

ಮೇಲಿನ ತುದಿ ಬಹಳ ಕಾರುಗಳಲ್ಲಿ ಡಿಕ್ಕಿಯ ಒಳಗೆ, ಪಕ್ಕದ ಪ್ಯಾನಲ್ ಹಿಂದೆ, ಒಂದು ರಬ್ಬರ್ ಟೋಪಿಯ ಕೆಳಗಿರುತ್ತದೆ. ಕೆಲವದರಲ್ಲಿ ಚಕ್ರದ ಒಳಗಡೆಯಿಂದಲೇ ಎರಡು ಬೋಲ್ಟ್ ಬಿಚ್ಚಿದರೆ ಸಾಕು. ಬಿಚ್ಚುವ ಮುಂಚೆ ಫೋಟೊ ತೆಗೆಯಿರಿ. ವಾಷರ್, ರಬ್ಬರ್, ತಟ್ಟೆ ಯಾವುದರ ಮೇಲೆ ಯಾವುದು, ಬಟ್ಟಲಿನಂಥ ವಾಷರ್‌ನ ಬಾಯಿ ಯಾವ ಕಡೆ ಎಂಬುದೆಲ್ಲ ಆ ಫೋಟೊದಲ್ಲಿ ಕಾಣಬೇಕು.

ನಟ್ ತಿರುಗಿಸಿದರೆ ಒಳಗಿನ ಕಡ್ಡಿಯೂ ಜೊತೆಗೇ ತಿರುಗುತ್ತದೆ. ಕಡ್ಡಿಯ ತುದಿಯಲ್ಲಿ ಅಲೆನ್ ಕೀ ಹಾಕುವ ಗುಂಡಿಯೋ, ಸ್ಪ್ಯಾನರ್ ಕೂರುವ ಚಪ್ಪಟೆ ಜಾಗವೋ ಇರುತ್ತದೆ. ಅಲ್ಲಿ ಹಿಡಿದು, ರಿಂಗ್ ಸ್ಪ್ಯಾನರ್‌ನಿಂದ ನಟ್ ಬಿಚ್ಚಿ.

ಕೆಳಗಿನ ಬೋಲ್ಟ್ ಸುಲಭಕ್ಕೆ ಬಗ್ಗದಿದ್ದರೆ ಮೊದಲು ಬಿಗಿಯುವ ದಿಕ್ಕಿಗೇ ಒಂದು ಚೂರು ತಿರುಗಿಸಿ. ತುಕ್ಕಿನ ಹಿಡಿತ ಒಡೆಯಲು ಅಷ್ಟು ಸಾಕಾಗಬಹುದು. ಆಮೇಲೆ ಬಿಚ್ಚುವ ದಿಕ್ಕಿಗೆ. ಮತ್ತೆ ಸ್ವಲ್ಪ ಹಿಂದಕ್ಕೆ, ಮತ್ತೆ ಮುಂದಕ್ಕೆ. ಬ್ರೇಕರ್ ಬಾರ್ ಹಿಡಿದು ಕಾರು ಅಲುಗುವ ಹಾಗೆ ಜಗ್ಗಬೇಡಿ. ಬೆಂಕಿ ತೋರಿಸುವ ಉಪಾಯ ಇಲ್ಲಿ ಬೇಡ. ಶಾಕ್ ಒಳಗೆ ಒತ್ತಡದಲ್ಲಿರುವ ಗ್ಯಾಸ್ ಇರಬಹುದು, ಪಕ್ಕದಲ್ಲಿ ಬ್ರೇಕ್ ಹೋಸ್, ಸ್ವಲ್ಪ ಮುಂದೆ ಇಂಧನದ ಟ್ಯಾಂಕ್.

ನಟ್ ಬಂತು, ಆದರೆ ಬೋಲ್ಟ್ ಹೊರಗೆ ಜಾರುತ್ತಿಲ್ಲ. ಇಲ್ಲಿ ಸುತ್ತಿಗೆ ಎತ್ತಿಕೊಳ್ಳುವ ಮುಂಚೆ ಎರಡನೇ ಜಾಕ್ ಅನ್ನು ಕೂದಲೆಳೆಯಷ್ಟು ಮೇಲೆ, ಕೆಳಗೆ ಆಡಿಸಿ ನೋಡಿ. ಶಾಕ್ ಮೇಲೆ ಎಳೆತವೂ ಇಲ್ಲದ, ಒತ್ತಡವೂ ಇಲ್ಲದ ಒಂದು ಜಾಗ ಸಿಗುತ್ತದೆ. ಅಲ್ಲಿ ಬೋಲ್ಟ್ ಬೆರಳಲ್ಲೇ ತಿರುಗಲು ಶುರುವಾಗುತ್ತದೆ, ಸಲೀಸಾಗಿ ಹೊರಗೆ ಬರುತ್ತದೆ. ಆ ಜಾಗ ಸಿಕ್ಕಿದರೆ ಆಸರೆ ಸರಿಯಾಗಿದೆ ಎಂದೂ ಗೊತ್ತಾಯಿತು. ತುಕ್ಕಿಗೇ ಅಂಟಿಕೊಂಡಿದ್ದರೆ ಮಾತ್ರ ನಟ್ ಅನ್ನು ಬೋಲ್ಟ್ ತುದಿಗೆ ಸಮವಾಗಿ ಹಾಕಿ, ಅದರ ಮೇಲೆ ಹಗುರವಾಗಿ ತಟ್ಟಿ. ಥ್ರೆಡ್ ಹಾಳಾಗುವುದಿಲ್ಲ.

ಹಳೆಯದು ಹೊಸದು ಪಕ್ಕಪಕ್ಕ

ಹೊರಗೆ ಬಂದ ಶಾಕ್ ಅನ್ನು ಹೊಸದರ ಪಕ್ಕ ಇಟ್ಟು ನೋಡಿ. ಉದ್ದ, ಕೆಳಗಿನ ಕಣ್ಣಿನ (ಬೋಲ್ಟ್ ಹಿಡಿಯುವ ಉಂಗುರದ) ಅಗಲ, ಬೋಲ್ಟ್ ತೂರುವ ತೂತಿನ ಅಳತೆ, ಮೇಲಿನ ಥ್ರೆಡ್ ಎಲ್ಲ ಒಂದೇ ಇರಬೇಕು. ಗ್ಯಾಸ್ ತುಂಬಿದ ಹೊಸ ಶಾಕ್‌ನ ಕಡ್ಡಿ ಪೂರ್ತಿ ಹೊರಬಂದು ನಿಂತಿದ್ದು, ಹಳೆಯದರ ಕಡ್ಡಿ ಒಳಗೇ ಕೂತಿದ್ದರೆ ಉದ್ದ ಬೇರೆ ಅನಿಸುತ್ತದೆ. ಹಳೆಯದನ್ನು ಎಳೆದು ಅಳೆಯಿರಿ.

ಹೊಸ ಶಾಕ್ ಅನ್ನು ಪೆಟ್ಟಿಗೆಯಿಂದ ತೆಗೆದು ಹಾಗೇ ಹಾಕಬೇಡಿ. ಹೆಚ್ಚಿನವು ಒಂದರೊಳಗೊಂದು ಎರಡು ಕೊಳವೆಯ ಬಗೆಯವು. ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮಲಗಿ ಅವುಗಳ ಒಳಗಿನ ಗಾಳಿ ಅಥವಾ ಗ್ಯಾಸ್ ಆಯಿಲ್ ಇರಬೇಕಾದ ಜಾಗಕ್ಕೆ ಸೇರಿಕೊಂಡಿರುತ್ತದೆ. ಕಾರಿನಲ್ಲಿ ಹೇಗೆ ನಿಲ್ಲುತ್ತದೋ ಹಾಗೆ ನೇರವಾಗಿ ಹಿಡಿದು, ಕಡ್ಡಿಯನ್ನು ನಿಧಾನವಾಗಿ ಪೂರ್ತಿ ಒತ್ತಿ, ಪೂರ್ತಿ ಎಳೆಯಿರಿ. ಮೊದಲ ಒಂದೆರಡು ಸಲ ಮಧ್ಯೆ ಎಲ್ಲೋ ತಡೆಯೇ ಇಲ್ಲದೆ ಪೊಳ್ಳು ಪೊಳ್ಳಾಗಿ ಜಾರುತ್ತದೆ. ನಾಲ್ಕೈದು ಸಲ ಆದ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾದ ತಡೆ ಕೈಗೆ ಸಿಗುತ್ತದೆ. ಆಗ ಸಿದ್ಧ. ಅಲ್ಲಿಂದ ಮುಂದೆ ಮಲಗಿಸಬೇಡಿ. ಒಂದೇ ಕೊಳವೆಯ ಶಾಕ್‌ಗೆ ಇದು ಬೇಕಿಲ್ಲ. ಪೆಟ್ಟಿಗೆಯೊಳಗಿನ ಸೂಚನೆ ನೋಡಿ.

ಕಡ್ಡಿಯ ಹೊಳೆಯುವ ಭಾಗಕ್ಕೆ ಇಕ್ಕಳ, ಪ್ಲೈಯರ್ ಯಾವುದನ್ನೂ ಹಾಕಬೇಡಿ. ಅಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದರೂ ಅದು ಪ್ರತಿ ಸಲ ಒಳ ಹೊರಗೆ ಹೋಗುವಾಗ ಸೀಲ್ ಅನ್ನು ಕೊಯ್ಯುತ್ತದೆ. ಕೆಲವೇ ದಿನಗಳಲ್ಲಿ ಆಯಿಲ್ ಸೋರಲು ಶುರು.

ಕೂರಿಸುವುದು

ಬಂಪ್ ಸ್ಟಾಪ್, ಕವರ್, ಕೆಳಗಿನ ವಾಷರ್ ಮತ್ತು ರಬ್ಬರ್ ಅನ್ನು ಫೋಟೊ ನೋಡಿಕೊಂಡು ಕಡ್ಡಿಗೆ ಏರಿಸಿ. ಮೇಲ್ತುದಿಯನ್ನು ಮೊದಲು ತೂತಿಗೆ ತೂರಿಸಿ, ಒಳಗಿನಿಂದ ಉಳಿದ ರಬ್ಬರ್, ವಾಷರ್ ಹಾಕಿ ನಟ್ ಅನ್ನು ಕೈಯಲ್ಲೇ ನಾಲ್ಕು ಸುತ್ತು ಹಿಡಿಸಿ. ಆಮೇಲೆ ಜಾಕ್ ಆಡಿಸಿ ಕೆಳಗಿನ ಕಣ್ಣನ್ನು ಬೀಮ್‌ನ ತೂತಿಗೆ ಸರಿಹೊಂದಿಸಿ. ಬೋಲ್ಟ್ ಬೆರಳಿನ ಒತ್ತಿಗೇ ಒಳಗೆ ಹೋಗಬೇಕು. ಥ್ರೆಡ್ ಮೇಲೆ ಉಳಿದ ಸ್ಪ್ರೇ ಒರೆಸಿ ಹಾಕಿ. ಜಿಡ್ಡಿದ್ದರೆ ಟಾರ್ಕ್ ರೆಂಚ್ ತೋರಿಸುವುದಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಬೋಲ್ಟ್ ಅನ್ನು ಸದ್ಯಕ್ಕೆ ಕೈಬಿಗಿಯಲ್ಲಿ ಬಿಡಿ.

ಮೇಲಿನ ನಟ್ ಅನ್ನು ಈಗಲೇ ಬಿಗಿಯಬಹುದು. ಇದಕ್ಕೆ ಬೇಕಾದ ಬಿಗಿ ಸಾಮಾನ್ಯವಾಗಿ ಕೆಳಗಿನ ಬೋಲ್ಟ್‌ಗಿಂತ ಬಹಳ ಕಡಿಮೆ. ಮ್ಯಾನ್ಯುಯಲ್‌ನಲ್ಲಿರುವ ಅಂಕಿಯನ್ನೇ ನಂಬಿ. ರಬ್ಬರ್ ಸ್ವಲ್ಪ ಉಬ್ಬಿದರೆ ಸರಿ, ವಾಷರ್‌ನಿಂದ ಹೊರಗೆ ಚೆಲ್ಲಿಕೊಂಡರೆ ಜಾಸ್ತಿಯಾಯಿತು. ಇಂಪ್ಯಾಕ್ಟ್ ಗನ್ ಇದ್ದರೂ ಇಲ್ಲಿ ಉಪಯೋಗಿಸಬೇಡಿ. ಕಡ್ಡಿ ಗಿರ್ರನೆ ತಿರುಗಿ ಒಳಗಿನ ಸೀಲ್ ಹಾಳಾಗುತ್ತದೆ.

ಈಗ ಇನ್ನೊಂದು ಕಡೆಯೂ ಇದೇ ರೀತಿ.

ಕೊನೆಯ ಬಿಗಿ

ಕೆಳಗಿನ ಕಣ್ಣಿನೊಳಗೆ ಒಂದು ಲೋಹದ ಕೊಳವೆ, ಅದರ ಸುತ್ತ ರಬ್ಬರ್, ರಬ್ಬರ್ ಸುತ್ತ ಹೊರಗಿನ ಉಂಗುರ. ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದಾಗ ಒಳಗಿನ ಕೊಳವೆ ಬೀಮ್‌ಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಚಕ್ರ ಏಳುವಾಗ ಇಳಿಯುವಾಗ ಕೊಳವೆ ಜಾರುವುದಿಲ್ಲ, ರಬ್ಬರ್ ಮಾತ್ರ ತಿರುಚಿಕೊಂಡು ಮತ್ತೆ ಸಡಿಲವಾಗುತ್ತದೆ.

ಚಕ್ರ ಪೂರ್ತಿ ಜೋತುಬಿದ್ದಾಗ ಬಿಗಿದರೆ ಏನಾಗುತ್ತದೆ? ರಬ್ಬರ್‌ಗೆ ಆ ಜೋತುಬಿದ್ದ ಸ್ಥಿತಿಯೇ ಆರಾಮದ ಸ್ಥಿತಿ ಆಗಿಬಿಡುತ್ತದೆ. ಕಾರು ಇಳಿಸಿದ ಕೂಡಲೇ ಅದು ತಿರುಚಿಕೊಳ್ಳುತ್ತದೆ, ನಿಂತಾಗಲೂ ಓಡುವಾಗಲೂ ತಿರುಚಿಕೊಂಡೇ ಇರುತ್ತದೆ. ಗುಂಡಿ ಬಂದಾಗ ಇನ್ನಷ್ಟು. ಮೊದಲು ಕಿರ್ ಕಿರ್ ಸದ್ದು, ಆಮೇಲೆ ರಬ್ಬರ್ ಹರಿಯುತ್ತದೆ. ಶಾಕ್‌ನ ಆಯಿಲ್, ವಾಲ್ವ್ ಎಲ್ಲ ಚೆನ್ನಾಗಿದ್ದರೂ ಒಂದು ಬುಶ್‌ಗೋಸ್ಕರ ಮತ್ತೆ ಎಲ್ಲ ಬಿಚ್ಚಬೇಕು.

ನಿನ್ನೆ ಬರೆದಿಟ್ಟ ಅಳತೆ ಈಗ ತೆಗೆಯಿರಿ. ಎರಡನೇ ಜಾಕ್‌ನಿಂದ ಒಂದು ಕಡೆಯ ತೋಳನ್ನು ನಿಧಾನವಾಗಿ ಎತ್ತುತ್ತಾ, ಚಕ್ರದ ಹಬ್‌ನ ನಡುವಿನಿಂದ ಫೆಂಡರ್ ಅಂಚಿಗೆ ಅಳೆಯಿರಿ. ಆ ಅಂಕಿಗೆ ಹತ್ತಿರ ಬಂದಾಗ ಆ ಮೂಲೆಯ ಭಾರವೆಲ್ಲ ಜಾಕ್ ಮೇಲೆ ಬಂದಿರುತ್ತದೆ. ಬಾಡಿ ಸ್ಟ್ಯಾಂಡ್ ಬಿಟ್ಟು ಏಳುವ ಸೂಚನೆ ಕಂಡರೆ ಅಲ್ಲೇ ನಿಲ್ಲಿಸಿ, ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆಯಾದರೆ ತೊಂದರೆಯಿಲ್ಲ. ಈ ಹೊತ್ತಿನಲ್ಲಿ ಕಾರಿನ ಕೆಳಗೆ ಹೋಗಲೇಬೇಡಿ. ಪಕ್ಕದಲ್ಲಿ ಕೂತು, ಚಕ್ರದ ಜಾಗದಿಂದಲೇ ಟಾರ್ಕ್ ರೆಂಚ್ ಹಾಕಿ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿಯಿರಿ. ಜಾಕ್ ಇಳಿಸಿ, ಇನ್ನೊಂದು ಕಡೆಗೆ ಹೋಗಿ.

ಕೆಲವು ಕಾರುಗಳಲ್ಲಿ ಚಕ್ರ ಹಾಕಿ ನೆಲಕ್ಕಿಳಿಸಿದ ಮೇಲೂ ಹೊರಗಿನಿಂದಲೇ ಕೆಳಗಿನ ಬೋಲ್ಟ್‌ಗೆ ಕೈ ಸಿಗುತ್ತದೆ. ಹಾಗಿದ್ದರೆ ಇಷ್ಟೆಲ್ಲ ಬೇಡ. ಇಳಿಸಿ, ಡಿಕ್ಕಿ ಮೇಲೆ ನಾಲ್ಕು ಸಲ ಒತ್ತಿ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರಲು ಬಿಟ್ಟು, ಅಲ್ಲೇ ಬಿಗಿಯಿರಿ.

ಇಳಿಸಿ ಓಡಿಸಿ ನೋಡುವುದು

ಬ್ರೇಕ್ ಹೋಸ್ ತಿರುಚಿಲ್ಲ, ಸೆನ್ಸರ್ ವೈರ್ ಕ್ಲಿಪ್‌ನಲ್ಲಿ ಕೂತಿದೆ, ಸ್ಪ್ರಿಂಗ್‌ನ ತುದಿ ತಟ್ಟೆಯಲ್ಲಿ ಮೊದಲಿದ್ದ ಜಾಗದಲ್ಲೇ ಇದೆ. ಇಷ್ಟು ನೋಡಿಕೊಂಡು ಚಕ್ರ ಹಾಕಿ. ಕಾರು ಇಳಿಸಿದ ಮೇಲೆ ಚಕ್ರದ ನಟ್‌ಗಳನ್ನು ಎದುರು ಬದುರಾಗಿ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ.

ಮೊದಲು ನಿಧಾನವಾಗಿ, ಕಿಟಕಿ ಇಳಿಸಿ, ರೇಡಿಯೊ ಆರಿಸಿ ಓಡಿಸಿ. ಒಂದು ಹಂಪ್, ಒಂದು ಒರಟು ರಸ್ತೆ ಸಾಕು. ಹಿಂಭಾಗ ಮೊದಲಿಗಿಂತ ಗಟ್ಟಿ ಅನಿಸುವುದು ಸಹಜ. ಟಕ್ ಎಂಬ ಸದ್ದು ಬಂದರೆ ಮೊದಲು ಮೇಲಿನ ನಟ್, ವಾಷರ್‌ಗಳ ಕ್ರಮ ನೋಡಿ. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ. ಬೀಮ್ ಇರುವ ಇಂಥ ಕಾರುಗಳಲ್ಲಿ ಶಾಕ್ ಬದಲಿಸಿದ್ದಕ್ಕೆ ವೀಲ್ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಕೆಡುವುದಿಲ್ಲ. ಆದರೆ ಟೈರ್ ಆಗಲೇ ಅಲೆ ಅಲೆಯಾಗಿ ಸವೆದಿದ್ದರೆ ಅದರ ಗುಂಯ್ ಸದ್ದು ಹೊಸ ಶಾಕ್ ಹಾಕಿದರೂ ಹೋಗುವುದಿಲ್ಲ. ಅದು ಟೈರ್‌ನದೇ.

ಸುಮಾರು 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್‌ಗಳ ಬಿಗಿ ಇನ್ನೊಮ್ಮೆ ನೋಡಿ. ಮೇಲಿನ ನಟ್, ಕೆಳಗಿನ ಬೋಲ್ಟ್ ಅಲುಗಿಲ್ಲ ಎಂದೂ ಖಾತ್ರಿ ಮಾಡಿಕೊಳ್ಳಿ. ಶಾಕ್‌ನ ಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ ನೋಡಿ, ಒದ್ದೆ ಇರಬಾರದು.

ಹಳೆಯ ಶಾಕ್‌ಗಳನ್ನು ಬೆಂಕಿಗೆ ಹಾಕಬೇಡಿ, ಕೊರೆಯಬೇಡಿ, ಕತ್ತರಿಸಬೇಡಿ. ಸತ್ತಂತೆ ಕಂಡರೂ ಒಳಗೆ ಒತ್ತಡದ ಗ್ಯಾಸ್ ಉಳಿದಿರಬಹುದು. ಸೋರುವ ಆಯಿಲ್ ಮಣ್ಣಿಗೋ ಚರಂಡಿಗೋ ಹೋಗದಂತೆ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ವಾಹನದ ಹಳೆ ಸಾಮಾನು ತೆಗೆದುಕೊಳ್ಳುವವರಿಗೆ ಕೊಡಿ. ಕೊಡುವಾಗ ಒಳಗೆ ಗ್ಯಾಸ್ ಇರಬಹುದು ಎಂದು ಹೇಳಿಯೇ ಕೊಡಿ.